ಮೂರು ರೆಪ್ಪೆಗೂದಲು

ನಮ್ಮ ಬೀದಿಗೆ ಮೊದಲು ಬಣ್ಣದ ಟಿವಿ ತಂದವರು
ಫಿಲೇಚರಿನ ಚಾಂದ್ ಪಾಷಾ.
ಬೆಂದ ಹುಳುವಿನ ವಾಸನೆಯ ಆ ಪಡಸಾಲೆಯಲ್ಲಿ
ಹದಿನಾಲ್ಕು ಮಕ್ಕಳು ನಾವು, ಮಂಡಿಗೆ ಮಂಡಿ ತಾಗಿಸಿ
ಇಲಿ ಓಡುವುದನ್ನು ನೋಡುತ್ತಿದ್ದೆವು.

ಇಲಿ ಅಂದರೆ ಬರೀ ಇಲಿ. ಅದಕ್ಕೇನೂ ಬೇಡ.
ಹೆಣ್ಣಿಲಿಗೆ ಮಾತ್ರ
ಕಣ್ಣಿಗೆ ಮೂರು ರೆಪ್ಪೆಗೂದಲು, ಕಿವಿ ಪಕ್ಕ ರಿಬ್ಬನ್ನು,
ನಡೆದರೆ ಸೊಂಟ ತಕ್ಕಡಿಯ ಹಾಗೆ.
ಅಷ್ಟೇನಾ, ಅನ್ನಿಸಿತು. ಅಷ್ಟು ಸುಲಭವಾ?
ಮನೆಗೆ ಬಂದು ಇದ್ದಿಲ ಚೂರಿನಿಂದ
ಎರಡೂ ಕಣ್ಣಿಗೆ ಮೂರು ಮೂರು ಗೆರೆ ಎಳೆದೆ.
ಅರ್ಧ ನಿಮಿಷ ಲೋಕ ಸರಿಯಾಗಿತ್ತು.

ಅಮ್ಮ ಮುನಿರತ್ನಮ್ಮ ಮೊಟ್ಟೆ ಕೇಂದ್ರದಲ್ಲಿ ಕೂಲಿ.
ಬಿತ್ತನೆ ಗೂಡು ಕತ್ತರಿಸಿ, ಒಳಗಿನ ಕಂದು ಹುಳು ತೆಗೆದು
ಹೊಟ್ಟೆಯ ತುದಿಯ ಗುರುತು ನೋಡಿ
ಹೆಣ್ಣು ಈ ತಟ್ಟೆ, ಗಂಡು ಆ ತಟ್ಟೆ,
ದಿನಕ್ಕೆ ಸಾವಿರಗಟ್ಟಲೆ.
ಆ ರಾತ್ರಿ ಸೆರಗಿಗೆ ಎಂಜಲು ಹಚ್ಚಿ ನನ್ನ ಇದ್ದಿಲು ಒರೆಸುವಾಗ
ಏನೂ ಹೇಳಲಿಲ್ಲ.
ಗಟ್ಟಿಯಾಗಿ ಒರೆಸಿದಳು, ಅಷ್ಟೆ.

ಒಂದು ಭಾನುವಾರ ಕಳ್ಳ ನರಿ ಸೀರೆ ಉಟ್ಟಿತು.
ಪೊಲೀಸ್ ನಾಯಿ ಕಣ್ಣಲ್ಲಿ ಹೃದಯ ಚಿಮ್ಮಿಸುತ್ತ ಹೂ ಕೊಟ್ಟಿತು.
ಕೊಟ್ಟದ್ದೇ ತಡ, ಗಾಳಿಗೆ ಚೌರಿ ಹಾರಿತು, ಮೀಸೆ ಕಂಡಿತು.
ನಾಯಿ ಹಸಿರು ಹಸಿರಾಗಿ ವಾಂತಿ ಮಾಡಿ
ನಲ್ಲಿಯಲ್ಲಿ ಬಾಯಿ ತೊಳೆದುಕೊಂಡಿತು.
ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.
ಎಲ್ಲರಿಗಿಂತ ಜೋರಾಗಿ ನಕ್ಕದ್ದು ನಾನು.
ಜೋರಾಗಿ ನಕ್ಕರೆ ಯಾರೂ ನನ್ನ ಕಡೆ ತಿರುಗುವುದಿಲ್ಲ ಅಂತ
ಯಾರೂ ಹೇಳಿಕೊಡದೆ ಗೊತ್ತಿತ್ತು.

ಆದರೂ ಸೋಮವಾರ
ನರಿಯ ಆ ಡಬ್ಬಿಂಗ್ ದನಿ, ಆ ಗಂಟಲೊಡೆದ ವಯ್ಯಾರ,
‘ಓಯ್ ರಾಜಾ’, ನನ್ನ ಹೆಸರಾಗಿತ್ತು.
ಏಳರಿಂದ ಹತ್ತನೇ ಕ್ಲಾಸಿನವರೆಗೆ
ಅದೇ ಹಾಜರಿ.

ಟಿವಿಯಲ್ಲಿ ಗೂಡು ಒಡೆದು ಚಿಟ್ಟೆ ಬರುತ್ತದೆ, ಹಿಂದೆ ಕೊಳಲು.
ಶಾಲು ಹೊದಿಸುವವರು ನನ್ನಂಥವರಿಗೆ ಕೊಡುವ ಹೋಲಿಕೆಯೂ ಅದೇ.
ಇದು ಶಿಡ್ಲಘಟ್ಟ ಸ್ವಾಮಿ,
ಇಲ್ಲಿ ಗೂಡನ್ನು ಬೇಯಿಸುತ್ತಾರೆ.
ತೂತು ಮಾಡಿ ಹೊರಬಂದರೆ ನೂಲಿಗೆ ನಷ್ಟ.

ಈಗ ನನ್ನ ಹೆಸರು ಇಂದುಮತಿ.
ಬಸ್ ಸ್ಟ್ಯಾಂಡ್ ಹಿಂದೆ ಬ್ಲೌಸ್ ಹೊಲಿಯುತ್ತೇನೆ.
ತಂಗಿಯ ಮಗಳು ಪ್ರಣತಿ
ಮಾವ ಅನ್ನುವುದನ್ನು ಬಿಟ್ಟು ದೊಡ್ಡಮ್ಮ ಅಂದದ್ದು
ಒಂದು ಬುಧವಾರ, ಮೊಸರು ಕೇಳುವಾಗ.
ಅವಳೇ ಫೋನಿನಲ್ಲಿ ಹೊಸ ಕಾರ್ಟೂನು ತೋರಿಸಿದಳು.
ಅದರಲ್ಲೊಬ್ಬಳಿದ್ದಾಳೆ, ನನ್ನಂಥವಳು.
ಯಾರೂ ವಾಂತಿ ಮಾಡುವುದಿಲ್ಲ, ನಿಜ.
ಗುಲಾಬಿ ಬೆಳಕಲ್ಲಿ ನಿಂತು ಮೆಲ್ಲಗೆ
ಒಂದು ಬುದ್ಧಿಮಾತು ಹೇಳುತ್ತಾಳೆ,
ಮುಂದಿನ ಕಂತಿನಲ್ಲಿ ಇರುವುದಿಲ್ಲ.
ಅವಳಿಗೆ ಹಸಿವಿಲ್ಲ, ಕರೆಂಟ್ ಬಿಲ್ಲಿಲ್ಲ,
ಟೊಮೊಟೊ ಕೊಳೆತಿದೆ ಅಂತ ಯಾರ ಜತೆಗೂ ಜಗಳವಿಲ್ಲ.
ರೆಪ್ಪೆಗೂದಲು ಮಾತ್ರ ಮೂರೇ.
ಎಣಿಸಿದೆ.

ಅಮ್ಮನಿಗೆ ಈಗ ಕಣ್ಣಲ್ಲಿ ಪೊರೆ.
ಒಂದು ಸಂಜೆ ಅವರೆಕಾಯಿ ಸುಲಿಯುತ್ತಾ, ಯಾರೂ ಕೇಳದೆ:
‘ಎಷ್ಟು ಸಲ ತಪ್ಪು ತಟ್ಟೆಗೆ ಹಾಕಿದ್ದೀನೋ.
ಚಿಟ್ಟೆ ಎದ್ದ ಮೇಲೇ ಗೊತ್ತಾಗೋದು.
ಎತ್ತಿ ಈ ಕಡೆ ಇಟ್ರಾಯ್ತು. ಅದಕ್ಕೇನು ಗಲಾಟೆ.’
ಕಾಳಿನ ಬುಟ್ಟಿಯನ್ನು ನನ್ನ ಕಡೆ ತಳ್ಳಿದಳು.

ಪ್ರಣತಿ, ಗೂಡು ಮಾರ್ಕೆಟ್ಟಿನ ಹಳೆಯ ಚೀಟಿಗಳ ಹಿಂಬದಿಯಲ್ಲಿ
ನನ್ನನ್ನು ಬರೆಯುತ್ತಿದ್ದಾಳೆ.
ಸೂಜಿ, ಕನ್ನಡಕ, ಮೂಗುತಿ,
ಗಲ್ಲದ ತುಂಬ ಸಾಯಂಕಾಲದ ಚುಕ್ಕಿಗಳು.
ಚುಕ್ಕಿ ಅಳಿಸೇ, ಅಂದೆ.
ನಿಂದೇ ಅಲ್ವಾ, ಅಂದಳು.
ರೆಪ್ಪೆಗೂದಲು?
ಕನ್ನಡಕದಲ್ಲಿ ಕಾಣಲ್ಲ ದೊಡ್ಡಮ್ಮ.

ಚೀಟಿ ಪಟಪಟ ತಿರುವಿದರೆ ನಾನು ಅಲ್ಲಾಡಬೇಕಂತೆ.
ಒಂದು ಸಲ ದಾರ ಎಳೆಯುವುದಕ್ಕೇ
ಇಪ್ಪತ್ತು ಚಿತ್ರ ಬೇಕಂತೆ. ನಾಲ್ಕಾಗಿದೆ.
ಕತ್ತಲಾಗುತ್ತಿದೆ, ಎರಡು ಬ್ಲೌಸಿಗೆ ಕೊಕ್ಕೆ ಹಾಕುವುದು ಬಾಕಿ.
‘ಕೈ ಎತ್ತು ದೊಡ್ಡಮ್ಮ.
ಅಷ್ಟಲ್ಲ, ಒಂಚೂರು.
ಹಾಂ. ಅಲ್ಲೇ ಇರು.’